ಬಲಿಯದ ಕರುಳು

ಕಳೆದ ತಿಂಗಳು ನಮ್ಮ ಮೇಲಿನ ಮಹಡಿಯವರಿಗೆ ಕೊರಿಯರಿನಲ್ಲಿ ಒಂದು ಪೆಟ್ಟಿಗೆ ಬಂತು. ಅವರು ಮನೆಯಲ್ಲಿರಲಿಲ್ಲವೆಂದು ನಾನು ತೆಗೆದುಕೊಂಡು ಇಟ್ಟಿದ್ದೆ. ಸಂಜೆ ಆ ಮನೆಯಾಕೆ ಬಂದು ನನ್ನ ಊಟದ ಮೇಜಿನ ಮೇಲೆಯೇ ಅದನ್ನು ಬಿಚ್ಚಿದಳು. ಲ್ಯಾವೆಂಡರ್ ವಾಸನೆಯ ತೆಳ್ಳನೆಯ ಕಾಗದ, ಅದರೊಳಗೆ ಹತ್ತಿಯ ಹಾಸು, ಹಾಸಿನ ಮೇಲೆ ನೀಲಿ ಮುಚ್ಚಳದ ಪುಟ್ಟ ಡಬ್ಬಿ. ಮುಚ್ಚಳ ತಿರುಗಿಸಿ ತೆಗೆದರೆ ಅದಕ್ಕೇ ಅಂಟಿಕೊಂಡ ಒಂದು ಪುಟಾಣಿ ಚಮಚೆ. ಮನೆಯಲ್ಲೇ ಕೂತು ಮಾಡಿಕೊಳ್ಳುವ ಕರುಳಿನ ಪರೀಕ್ಷೆಯಂತೆ. ಚಮಚೆಯಲ್ಲಿ ತೆಗೆದು, ಡಬ್ಬಿಗೆ ಹಾಕಿ, ಅದೇ ಪೆಟ್ಟಿಗೆಯಲ್ಲಿ ವಾಪಸು ಕಳಿಸಿದರೆ ಬಣ್ಣಬಣ್ಣದ ರಿಪೋರ್ಟು ಬರುತ್ತದಂತೆ. ಆಕೆ ಡಬ್ಬಿಯ ಫೋಟೋ ತೆಗೆದು ಬಿಲ್ಡಿಂಗಿನ ವಾಟ್ಸ್ಯಾಪ್ ಗುಂಪಿಗೆ ಹಾಕಿದಳು. ನಾಲ್ಕೈದು ಜನ ಹೃದಯದ ಚಿತ್ರ ಒತ್ತಿದರು.

ಆ ಡಬ್ಬಿ ನನಗೆ ಹೊಸದಲ್ಲ. ಅಂಥವನ್ನು ನೂರಾರು ಮುಟ್ಟಿದ್ದೇನೆ. ನನಗೆ ವಾಕರಿಕೆ ಬಂದದ್ದು ಜೊತೆಗಿದ್ದ ಮಡಿಕೆ ಕಾಗದ ಓದಿ. ಕೆಲವು ಬಡ ಸಮುದಾಯಗಳಲ್ಲಿ ದೊಡ್ಡವರ ಕರುಳು ಕೂಡ ಕೂಸಿನ ಕರುಳಿನ ಹಾಗೆ ಬಲಿಯದೆ ಉಳಿದಿರುತ್ತದೆ ಎಂದು ವಿಜ್ಞಾನಿಗಳು ಕಂಡುಹಿಡಿದಿದ್ದಾರಂತೆ. ನಿಮ್ಮದು ಬಲಿತಿದೆಯೇ ಎಂದು ಕೊನೆಯಲ್ಲಿ ಒಂದು ಪ್ರಶ್ನೆ, ನಗುವ ಹೆಂಗಸಿನ ಚಿತ್ರ. ಕೆಳಗೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಯಾವ ಪ್ರಬಂಧದಿಂದ ಈ ಮಾತು ತೆಗೆದದ್ದು ಎಂದು ಕೊಟ್ಟಿದ್ದರು. ಪ್ರಬಂಧಕ್ಕೆ ಐದು ಹೆಸರು. ಐದನೆಯದು ನನ್ನದು.

ಥೂ ಎಂದು ಉಗುಳಬೇಕೆನಿಸಿತು. ಉಗುಳಿದರೆ ನನ್ನ ಮುಖದ ಮೇಲೆಯೇ ಬೀಳುತ್ತಿತ್ತು. ಆ ಸಂಜೆಯಿಂದ ಮಾವಶಿ ನನ್ನ ತಲೆಯಿಂದ ಇಳಿದಿಲ್ಲ...

ಮಹಾರಾಷ್ಟ್ರದ ಆಸ್ಪತ್ರೆಗಳಲ್ಲಿ ಬೆಡ್‌ಪ್ಯಾನ್ ಎತ್ತುವ, ನೆಲ ಒರೆಸುವ, ಬಾಣಂತಿಯರ ಬಟ್ಟೆ ಬದಲಿಸುವ ಆಯಾಗಳನ್ನೆಲ್ಲ ಮಾವಶಿ ಎಂದೇ ಕರೆಯುತ್ತಾರೆ. ಚಿಕ್ಕಮ್ಮ ಎಂದು ಅರ್ಥ. ಚಿಕ್ಕಮ್ಮ ಎಂದು ಒಮ್ಮೆ ಕರೆದುಬಿಟ್ಟರೆ ಆಯಿತು, ಆಮೇಲೆ ಯಾವ ಹೊಲಸನ್ನಾದರೂ ಅವಳ ಕೈಯಲ್ಲಿ ಎತ್ತಿಸಬಹುದು. ನಮ್ಮ ಮಾವಶಿ ವಿಜಾಪುರದ ಕಡೆಯವಳು, ಸಿಂದಗಿ ಹತ್ತಿರದ ಹಳ್ಳಿ. ಗಂಡನ ಜೊತೆ ಕಟ್ಟಡದ ಕೆಲಸಕ್ಕೆಂದು ನಾಶಿಕಕ್ಕೆ ಬಂದವಳು, ಅವನು ಸತ್ತ ಮೇಲೆ ಇಟ್ಟಿಗೆ ಹೊರುವುದು ಬಿಟ್ಟು ಒಂದು ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಆಗಿದ್ದಳು. ಡಬ್ಬಿ ಕೂಡಿಸುವ ಕೆಲಸಕ್ಕೆ ನನ್ನ ಜೊತೆ ಸೇರುವಾಗ ಐವತ್ತು ದಾಟಿತ್ತು. ಕುಳ್ಳಗೆ, ಗಟ್ಟಿಮುಟ್ಟಾಗಿ, ಕಾಸೆ ಬಿಗಿದು ನಡೆಯುತ್ತಿದ್ದಳು. ನೋಡಿ, ಈಗಲೂ ನನ್ನ ಕೈ ಅವಳನ್ನು 'ಅವಳು' ಎಂದೇ ಬರೆಯುತ್ತಿದೆ. ನಮ್ಮಿಬ್ಬರಿಗೂ ಕೆಲಸ ಕೊಟ್ಟ ಸರ್ ಬಗ್ಗೆ ಬರೆಯುವಾಗ ಮಾತ್ರ ತಾನಾಗಿಯೇ 'ಅವರು' ಬರುತ್ತದೆ, ನೋಡುತ್ತಿರಿ.

ನಾನು ನಾಶಿಕದ ಹತ್ತಿರದ ಓಝರಿನಲ್ಲಿ ಬೆಳೆದವಳು. ಅಪ್ಪ ಧಾರವಾಡದಿಂದ ಅಲ್ಲಿನ ವಿಮಾನ ಕಾರ್ಖಾನೆಗೆ ಬಂದ ಟೆಕ್ನೀಶಿಯನ್. ಟೌನ್‌ಶಿಪ್ಪಿನ ಕ್ವಾರ್ಟರ್ಸಿನಲ್ಲಿ ಮನೆಯೊಳಗೆ ಕನ್ನಡ, ಬಾಗಿಲಾಚೆ ಮರಾಠಿ. ಮೈಕ್ರೋಬಯಾಲಜಿಯಲ್ಲಿ ಎಂ.ಎಸ್ಸಿ. ಮುಗಿಸಿ ಸಂಭಾಜಿನಗರದ ಒಂದು ಪ್ರಯೋಗಾಲಯದಲ್ಲಿ ಪ್ರಾಜೆಕ್ಟ್ ಅಸಿಸ್ಟಂಟ್ ಎಂದು ಸೇರಿದೆ. ಊರಿಗೆ ಆಗಿನ್ನೂ ಹಳೆಯ ಹೆಸರಿತ್ತು. ಸರ್ ನನ್ನನ್ನು ಆರಿಸಿದ್ದು ನನ್ನ ಅಂಕಪಟ್ಟಿ ನೋಡಿ ಎಂದು ಬಹಳ ದಿನ ತಿಳಿದುಕೊಂಡಿದ್ದೆ. ನಾಶಿಕದಲ್ಲಿ ಕಟ್ಟಡ ಕಟ್ಟುವ ಹೆಂಗಸರಲ್ಲಿ ಬಹಳ ಮಂದಿ ಕರ್ನಾಟಕದವರು, ಅವರ ಜೊತೆ ಕನ್ನಡ ಮಾತಾಡಲು ಸರ್‌ಗೆ ಯಾರಾದರೂ ಬೇಕಿತ್ತು, ಅಷ್ಟೆ.

ಕೆಲಸ ಏನೆಂದು ಸರಳವಾಗಿ ಹೇಳುತ್ತೇನೆ. 'ಮಲದ ಮಾದರಿ' ಎಂದು ಬರೆದು ಬರೆದು ನನಗೆ ಸಾಕಾಗಿದೆ, ಹೇಲು ಎಂದೇ ಬರೆಯುತ್ತೇನೆ. ನಮ್ಮ ಕರುಳಿನೊಳಗೆ ಲೆಕ್ಕವಿಲ್ಲದಷ್ಟು ಜೀವಾಣುಗಳು ಮನೆ ಮಾಡಿಕೊಂಡಿವೆ. ಹುಟ್ಟುವಾಗ ತಾಯಿಯಿಂದ, ಆಮೇಲೆ ಹಾಲಿನಿಂದ, ಮಣ್ಣಿನಿಂದ, ಎತ್ತಿ ಆಡಿಸಿದವರ ಕೈಯಿಂದ ಅವು ಒಳಗೆ ಬರುತ್ತವೆ. ಎರಡು ಮೂರು ವರ್ಷದ ತನಕ ಕೂಸಿನ ಹೊಟ್ಟೆಯಲ್ಲಿರುವ ಬಳಗವೇ ಬೇರೆ, ರೊಟ್ಟಿ ಪಲ್ಯ ತಿನ್ನುವ ದೊಡ್ಡವರ ಹೊಟ್ಟೆಯಲ್ಲಿರುವ ಬಳಗವೇ ಬೇರೆ. ಒಂದೇ ಒಲೆಯ ಅಡಿಗೆ ಉಂಡವರಲ್ಲಿ ಸ್ವಲ್ಪ ಹೋಲಿಕೆ ಇರುತ್ತದೆ, ಆದರೂ ಗಂಡನದೂ ಹೆಂಡತಿಯದೂ ಪೂರ್ತಿ ಒಂದೇ ಆಗಿರುವುದಿಲ್ಲ. ಉಣ್ಣುವುದು ಬದಲಾದರೆ, ಆಂಟಿಬಯಾಟಿಕ್ ನುಂಗಿದರೆ ಬಳಗವೂ ಬದಲಾಗುತ್ತದೆ. ಇವುಗಳಲ್ಲಿ ಬಹಳಷ್ಟನ್ನು ಪ್ರಯೋಗಾಲಯದಲ್ಲಿ ಬೆಳೆಸುವುದು ಕಷ್ಟ. ಈಗ ಬೆಳೆಸುವುದೇ ಬೇಡ, ಡಿಎನ್‌ಎ ಓದಿ ಯಾವುದು ಎಷ್ಟಿದೆ ಎಂದು ಹೇಳಬಹುದು. ಅದಕ್ಕೆ ಬೇಕಾದದ್ದು ಅರ್ಧ ಚಮಚೆ ಹೇಲು, ಮಂಜುಗಡ್ಡೆಯ ಪೆಟ್ಟಿಗೆ, ಮತ್ತು ಯಾರ ಡಬ್ಬಿ ಯಾರದು ಎಂಬ ಸರಿಯಾದ ಲೇಬಲ್. ಕಲ್ಲು ಮಣ್ಣು ಹೊರುವ, ಜ್ವರ ಬಂದರೆ ಔಷಧದ ಅಂಗಡಿಯವನು ಕೊಟ್ಟದ್ದನ್ನು ನುಂಗುವ ಹೆಂಗಸರ ಕರುಳಿನಲ್ಲಿ ಏನಿದೆ ಎಂದು ನೋಡುವುದು ಸರ್ ಅವರ ಯೋಜನೆ. ಪ್ರಶ್ನೆ ಒಳ್ಳೆಯದೇ. ಅದರ ಬಗ್ಗೆ ನನಗೆ ಇಂದಿಗೂ ತಕರಾರಿಲ್ಲ.

ನನಗೆ ಆ ಕೆಲಸ ಹೇಸಿಗೆಯಾಗುತ್ತಿತ್ತು. ಮೂಗಿಗೆ ವಿಕ್ಸ್ ಸವರಿಕೊಂಡು, ಎರಡು ಜೊತೆ ಗ್ಲೌಸು ಹಾಕಿಕೊಂಡು, ಡಬ್ಬಿಯನ್ನು ದೂರ ಹಿಡಿದು ಲೇಬಲ್ ಅಂಟಿಸುತ್ತಿದ್ದೆ. ಮಾವಶಿ ಒಂದೇ ಜೊತೆ ಗ್ಲೌಸಿನಲ್ಲಿ ಎಲ್ಲ ಮುಗಿಸಿ, ಸೋಪಿನಿಂದ ಮೊಣಕೈ ತನಕ ತಿಕ್ಕಿ ತೊಳೆದು, ಜೀಪಿನ ನೆರಳಿನಲ್ಲಿ ಬುತ್ತಿ ಬಿಚ್ಚುತ್ತಿದ್ದಳು. ಜೋಳದ ರೊಟ್ಟಿ, ಶೇಂಗಾ ಚಟ್ನಿ. ಮೊದಲ ದಿನ ನನಗೂ ಒಂದು ರೊಟ್ಟಿ ಮುರಿದು ಕೊಟ್ಟಳು. ಹಸಿವಿಲ್ಲ ಎಂದೆ. ಎರಡನೆಯ ದಿನ ಉಪವಾಸ ಎಂದೆ. ಮೂರನೆಯ ದಿನ ಅವಳು ಕೊಡಲಿಲ್ಲ. ಅವಳ ಕೈ ನನ್ನ ಕೈಗಿಂತ ಚೊಕ್ಕಟವಾಗಿತ್ತು ಎಂದು ಸೂಕ್ಷ್ಮಜೀವಿಗಳನ್ನು ಓದಿದ ನನಗೆ ಗೊತ್ತಿರಬೇಕಿತ್ತು. ಗೊತ್ತಿತ್ತು ಕೂಡ, ಆದರೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅಂಥ ಹುಡುಗಿ ನಾನು.

ಆಡಗಾಂವ್ ದಾಟಿ ಓಝರಿನ ಕಡೆ ಹೋಗುವ ರಸ್ತೆಯ ಪಕ್ಕ ಆಗ ದೊಡ್ಡ ದೊಡ್ಡ ಕಟ್ಟಡಗಳು ಏಳುತ್ತಿದ್ದವು. ಅವುಗಳ ಹಿಂದೆ ತಗಡಿನ ಖೋಲಿಗಳ ಸಾಲು. ಅದಕ್ಕೆ ಲೈನು ಎನ್ನುತ್ತಿದ್ದರು. ಒಂದು ಲೈನಿನಲ್ಲಿ ಪೂರ್ತಿ ವಿಜಾಪುರ ಕಡೆಯ ಮನೆಗಳೇ. ಅಲ್ಲಿಯ ಹೆಂಗಸರು ಮುಂಜಾನೆ ಪಕ್ಕದ ಸೊಸಾಯಿಟಿಯ ಫ್ಲಾಟುಗಳಲ್ಲಿ ಪಾತ್ರೆ ತೊಳೆದು, ನೆಲ ಒರೆಸಿ, ಆಮೇಲೆ ಸೈಟಿಗೆ ಬರುತ್ತಿದ್ದರು. ನಾನು ಹೋಗಿ ಡಬ್ಬಿ ತೋರಿಸಿ ಬರೆದುಕೊಂಡು ಬಂದಿದ್ದ ಕನ್ನಡವನ್ನು ಒಪ್ಪಿಸಿದೆ. ಮಲ, ಮಾದರಿ, ಸಮ್ಮತಿ ಎಂದೆಲ್ಲ. ಅವರು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಹೋದರು.

ಮಾವಶಿ ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡು ಒಂದು ಖೋಲಿಯ ಹೊಸ್ತಿಲ ಮೇಲೆ ಕೂತಳು. ಇಂಥವರಿಗೇ ಎಂದಿಲ್ಲದೆ ಮಾತು ಶುರುಮಾಡಿದಳು. "ಹೊಟ್ಯಾಗ ಹೆಪ್ಪ ಇರ್ತೈತ್ರೆವ್ವಾ. ಮೊಸರಿಗಿ ಹೆಂಗ ಹಾಕ್ತೀವಿ, ಹಂಗ. ನಿಮ್ಮ ಮನಿ ಹೆಪ್ಪ ಬ್ಯಾರೆ, ನಮ್ಮ ಮನಿ ಹೆಪ್ಪ ಬ್ಯಾರೆ. ಹೆಪ್ಪ ಚೊಲೋ ಇದ್ರ ಉಂಡದ್ದು ಮೈಗಿ ಹತ್ತತೈತಿ. ಗುಳಿಗಿ ಭಾಳ ನುಂಗಿದ್ರ ಹೆಪ್ಪ ಕೆಡತೈತಿ. ಯಾರದು ಹೆಂಗ ಐತಿ ಅಂತ ಇವರು ನೋಡ್ತಾರ." ಎಂ.ಎಸ್ಸಿ.ಯ ಎರಡು ವರ್ಷದಲ್ಲಿ ನನಗೆ ಯಾರೂ ಇಷ್ಟು ಚೆನ್ನಾಗಿ ಹೇಳಿಕೊಟ್ಟಿರಲಿಲ್ಲ. ಬಾಗಿಲುಗಳಲ್ಲಿ ಒಂದೊಂದೇ ಮುಖ ಕಾಣಿಸಿತು.

ಅವರಲ್ಲಿ ಒಬ್ಬ ಗೌಂಡಿಯ ಹೆಂಡತಿ, ಸೊಂಟದ ಮೇಲೆ ಹೆಣ್ಣು ಕೂಸು ಹೊತ್ತವಳು, ಎಲ್ಲರ ಮನಸ್ಸಿನಲ್ಲಿದ್ದದ್ದನ್ನು ಕೇಳಿದಳು. "ಇದು ಸೊಸಾಯಿಟಿ ಬಾಯ್ಗೋಳಿಗಿ ಗೊತ್ತಾಗಂಗಿಲ್ಲಲ್ಲಕ್ಕಾ? ನಮ್ಮ ಹೊಟ್ಯಾಗ ರೋಗ ಐತಿ ಅಂದ್ರ ನಾಳಿಗಿ ಒಳಗ ಬಿಡಂಗಿಲ್ಲ ಅವರು."

"ಇದರಿಂದ ನಿಮಗ ಏನರೆ ಕೆಟ್ಟದ್ದಾದ್ರ ನನ್ನ ಕೇಳ್ರಿ. ನಾ ಅದೀನಿ," ಎಂದಳು ಮಾವಶಿ.

ಆ ಮಾತಿನ ಮೇಲೆ ಹನ್ನೆರಡು ಹೆಂಗಸರು ಡಬ್ಬಿ ತೆಗೆದುಕೊಂಡರು. ನಾನು ಕೊಟ್ಟ ಸಮ್ಮತಿ ಪತ್ರದ ಮೇಲೆ ಹೆಬ್ಬೆಟ್ಟು ಒತ್ತಿದ್ದು ಆಮೇಲೆ. ಪತ್ರದಲ್ಲಿಯೂ ಎಲ್ಲ ಗುಟ್ಟಾಗಿಡುತ್ತೇವೆ ಎಂದು ಬರೆದಿತ್ತು, ಅದನ್ನು ಯಾರೂ ಕೇಳಲಿಲ್ಲ.

ಎರಡು ದಿನ ಬಿಟ್ಟು ಮುಂಜಾನೆ ಹೋದಾಗ ಹನ್ನೆರಡೂ ಡಬ್ಬಿ ಒಂದು ಸಿಮೆಂಟ್ ಚೀಲದ ಮೇಲೆ ಸಾಲಾಗಿದ್ದವು. ಉಳಿದ ಸೈಟುಗಳಲ್ಲಿ ಅರ್ಧಕ್ಕರ್ಧ ಖಾಲಿ ಡಬ್ಬಿಗಳೇ ವಾಪಸು ಬರುತ್ತಿದ್ದವು. ನನಗೆ ಖುಷಿಯಾಯಿತು. ಮಾವಶಿ ಮಾತ್ರ ಒಂದು ಡಬ್ಬಿ ಎತ್ತಿ ಬೆಳಕಿಗೆ ಹಿಡಿದಳು. ಇನ್ನೊಂದು ಎತ್ತಿದಳು. ಮತ್ತೊಂದು. ಎಲ್ಲವೂ ಡಾಂಬರಿನಂತೆ ಕಪ್ಪು.

"ಹನ್ನೆರಡೂ ಮಂದಿ ಒಮ್ಮಿಗೇ ಬಸುರಾಗೀರೇನ್ರೆವ್ವಾ?" ಎಂದಳು.

ನನಗೆ ತಿಳಿಯಲಿಲ್ಲ. ಹೆರಿಗೆ ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಬೆಡ್‌ಪ್ಯಾನ್ ತೊಳೆದವಳಿಗೆ ನೋಡಿದ ಕೂಡಲೇ ತಿಳಿದಿತ್ತು. ಕಬ್ಬಿಣದ ಗುಳಿಗೆಯೋ ಟಾನಿಕ್ಕೋ ಹೊಟ್ಟೆಗೆ ಹೋದರೆ ಹೇಲು ಹಾಗೆ ಕಪ್ಪಾಗುತ್ತದೆ. ಲೈನಿನಲ್ಲಿ ಬಸುರಿಯರು ಯಾರೂ ಇರಲಿಲ್ಲ. ಅಂಗನವಾಡಿಯವರು ರಕ್ತ ಕಡಿಮೆ ಎಂದು ಟಾನಿಕ್ ಕೊಟ್ಟಿದ್ದು ಆ ಗೌಂಡಿಯ ಕೂಸಿಗೊಂದಕ್ಕೇ, ಇನ್ನೂ ಎರಡು ತುಂಬದ ಹುಡುಗಿ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ ಕಿಸಕ್ಕನೆ ನಕ್ಕರು. ಎರಡು ದಿನದ್ದು ಕೂಡಿಸಿ ಹನ್ನೆರಡು ಡಬ್ಬಿಗೆ ಹಂಚಿದ್ದರು.

ನಾನು ಸಿಟ್ಟಾದೆ. ಇದೇನು ಆಟವೇ ಎಂದೆ. ಆಗ ಗೌಂಡಿಯ ಹೆಂಡತಿ ನಗು ನಿಲ್ಲಿಸಿ, ನನಗೆ ತಿಳಿಸಿ ಹೇಳುವವಳ ಹಾಗೆ, "ಹಂಗಲ್ರೀ ಮೇಡಂ. ದೊಡ್ಡ ಸಾಹೇಬ್ರು, ಓದಿದವರು, ಅವರ ಕೈಯಾಗ ನಮ್ಮ ಹೊಲಸು ಕೊಡೂದು ಹೆಂಗ್ರೀ? ಕೂಸಿನ ಹೇಲಿಗಿ ಎಂಥಾ ಮೈಲಿಗಿ. ಅದಕ್ಕ ಕೂಸಿಂದು ಕೊಟ್ಟೀವಿ," ಎಂದಳು.

ಅವರು ನಮಗೆ ಮೋಸ ಮಾಡಲು ಹೊರಟಿರಲಿಲ್ಲ. ಕೇಳಿದವರಿಗೆ ಇಲ್ಲವೆನ್ನಬಾರದು, ಕೊಡುವುದಾದರೆ ಇದ್ದುದರಲ್ಲಿ ಚೊಕ್ಕಟವಾದದ್ದನ್ನು ಕೊಡಬೇಕು ಎಂದು ಯೋಚಿಸಿ ಕೊಟ್ಟಿದ್ದರು. ಅಂಥ ಮರ್ಯಾದೆಯನ್ನು ನನಗೆ ಆಮೇಲೆ ಯಾರೂ ಮಾಡಿಲ್ಲ.

ಮಾವಶಿ ನಕ್ಕಳು, ಬೈದಳು, ಹೊಸ ಡಬ್ಬಿ ಕೊಡು ಎಂದು ನನ್ನ ಕಡೆ ಕೈ ಚಾಚಿದಳು. ಅವತ್ತು ಆ ಸೈಟಿನ ಕಡೆಯ ದಿನ. ಪೆಟ್ಟಿಗೆಯಲ್ಲಿ ಮಂಜುಗಡ್ಡೆ ಕರಗುತ್ತಿತ್ತು. ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ, ಸಂಭಾಜಿನಗರ ಅಲ್ಲಿಂದ ನಾಲ್ಕೈದು ತಾಸಿನ ದಾರಿ. ಸಂಖ್ಯೆ ಪೂರ್ತಿಯಾಗಲೇಬೇಕು ಎಂದು ಸರ್ ಬೆಳಿಗ್ಗೆಯಷ್ಟೇ ಫೋನಿನಲ್ಲಿ ಹೇಳಿದ್ದರು. ನಾನು ಮಾವಶಿಗೆ, ಈಗ ಇವನ್ನೇ ಒಯ್ಯೋಣ, ಸರ್‌ಗೆ ನಾನು ಹೇಳುತ್ತೇನೆ, ಮುಂದಿನ ವಾರ ಬಂದು ಹೊಸದಾಗಿ ತೆಗೆದುಕೊಳ್ಳೋಣ ಎಂದೆ. ಹನ್ನೆರಡು ಡಬ್ಬಿಗೆ ಹನ್ನೆರಡು ಹೆಸರು, ವಯಸ್ಸು, ನನ್ನ ಕೈಯಿಂದಲೇ ಬರೆದು ಅಂಟಿಸಿದೆ.

ಹೇಳಲಿಲ್ಲ. ಮೊದಲ ವಾರ ಸರ್ ಊರಲ್ಲಿರಲಿಲ್ಲ. ಎರಡನೆಯ ವಾರ ಅವರ ಮೂಡ್ ಸರಿಯಿರಲಿಲ್ಲ. ಆಮೇಲೆ ಹೇಳಿದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎನ್ನುತ್ತಾರೆ. ಹೇಡಿಗೆ ದಿನ ಕಳೆದಂತೆ ಕಾರಣಗಳಿಗೇನು ಬರ. ಮಾವಶಿ ಬೇರೆ ಸೈಟುಗಳಲ್ಲಿ ಸಿಕ್ಕಾಗಲೆಲ್ಲ "ಸಾಹೇಬ್ರಿಗಿ ಹೇಳಿದೇನವಾ?" ಎಂದು ಕೇಳುತ್ತಿದ್ದಳು. ಹೇಳೀನಿ ಎಂದುಬಿಟ್ಟೆ. ಮತ್ತೆ ಯಾವಾಗ ಹೋಗುವುದು ಎಂದಳು. ಅವು ಬೇಡವಂತೆ, ಬಿಟ್ಟರಂತೆ ಎಂದೆ. ಒಂದು ಸುಳ್ಳಿಗೆ ಎರಡನೆಯದು ಇಷ್ಟು ಸುಲಭವಾಗಿ ಬರುತ್ತದೆ ಎಂದು ನನಗೂ ಗೊತ್ತಿರಲಿಲ್ಲ. ಅವಳು ಸಮಾಧಾನದಿಂದ ತಲೆಯಾಡಿಸಿದಳು.

ಫಲಿತಾಂಶ ಬಂದ ದಿನ ಸರ್ ನಮ್ಮನ್ನೆಲ್ಲ ಕಂಪ್ಯೂಟರಿನ ಮುಂದೆ ಕರೆದರು. ಒಬ್ಬೊಬ್ಬರ ಕರುಳಿಗೆ ಒಂದೊಂದು ಚುಕ್ಕೆ. ಉಳಿದ ಹೆಂಗಸರ ಚುಕ್ಕೆಗಳು ಸಾಸಿವೆ ಚೆಲ್ಲಿದಂತೆ ಅಲ್ಲಲ್ಲಿ ಹರಡಿದ್ದವು. ಆ ಲೈನಿನ ಹನ್ನೆರಡು ಚುಕ್ಕೆ ಮಾತ್ರ ದೂರದ ಒಂದು ಮೂಲೆಯಲ್ಲಿ ಒಂದರ ಮೇಲೊಂದು ಕೂತಿದ್ದವು. ಮಕ್ಕಳ ಕರುಳಿನ ಚುಕ್ಕೆಗಳು ಇರುವ ಮೂಲೆ ಅದು. ಎಳೆಯ ಮೈಕ್ರೋಬಯಾಲಜಿ ವಿದ್ಯಾರ್ಥಿ ಕೂಡ ಅದನ್ನು ನೋಡಿದರೆ ಡಬ್ಬಿಯಲ್ಲಿ ಏನೋ ಎಡವಟ್ಟಾಗಿದೆ ಎನ್ನಬೇಕು. ಸರ್ ಮೇಜು ಕುಟ್ಟಿದರು. ಎಷ್ಟು ಚೆಂದ ಬಂದಿದೆ ನೋಡಿ ಎಂದರು. ಅಪೌಷ್ಟಿಕತೆಯಿಂದ, ಹೊಲಸಿನಿಂದ ಈ ಜನರ ಕರುಳು ಬೆಳೆಯುವುದನ್ನೇ ನಿಲ್ಲಿಸಿದೆ, ಮೂವತ್ತು ನಲವತ್ತು ವರ್ಷದ ಹೆಂಗಸರ ಹೊಟ್ಟೆಯಲ್ಲಿ ಇನ್ನೂ ಕೂಸಿನ ಕರುಳು ಇದೆ ಎಂದು ಅಲ್ಲೇ ನಿಂತು ವಿವರಣೆ ಕೊಟ್ಟರು. ಬಡವರ ಬಗ್ಗೆ ಎಂಥ ಮಾತು ಹೇಳಿದರೂ ನಂಬುವುದಕ್ಕೆ ಎಷ್ಟು ಜನ ತಯಾರಿದ್ದಾರೆ ಎಂದು ನಾನು ಕಂಡದ್ದು ಆ ಕೋಣೆಯಲ್ಲಿ. ಯಾರೂ ಮತ್ತೊಮ್ಮೆ ಡಬ್ಬಿ ತರಿಸೋಣ ಎನ್ನಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಪ್ರಬಂಧ ಅಚ್ಚಾಯಿತು. ಒಂದು ಮರಾಠಿ ಪತ್ರಿಕೆಯವರು ಅದನ್ನು ಸಾಮಾನ್ಯ ಓದುಗರಿಗೆ ಅರ್ಥವಾಗುವಂತೆ ಬರೆದರು. ಅರ್ಥವಾಗುವಂತೆ ಬರೆಯುವುದೆಂದರೆ ಅವರಿಗೆ, ಪ್ರಬಂಧದಲ್ಲಿದ್ದ ಒಂದಿಷ್ಟು 'ಇರಬಹುದು'ಗಳನ್ನೂ ಕಿತ್ತು ಹಾಕುವುದು. ಮಜೂರರ ಹೊಟ್ಟೆ ಇನ್ನೂ ಕೂಸಿನದೇ ಎಂದು ದಪ್ಪಕ್ಷರದ ತಲೆಬರಹ, ಅವರ ಕರುಳಿನ ಹೊಲಸಿನ ಬಗ್ಗೆ ನಾಲ್ಕು ಸಾಲು, ಪಕ್ಕದಲ್ಲಿ ತಗಡಿನ ಲೈನಿನ ಚಿತ್ರ. ಲೈನಿನ ಹೆಸರು ಬರೆದಿರಲಿಲ್ಲ. ಆದರೆ ಚಿತ್ರದಲ್ಲಿ ಹಿಂದೆ ಆ ಸೊಸಾಯಿಟಿಯ ಗೇಟು ಸ್ಪಷ್ಟವಾಗಿ ಕಾಣುತ್ತಿತ್ತು. ಒಂದು ವಾರದೊಳಗೆ ಹನ್ನೆರಡು ಹೆಂಗಸರಲ್ಲಿ ಒಬ್ಬಳಿಗೂ ಆ ಫ್ಲಾಟುಗಳಲ್ಲಿ ಪಾತ್ರೆ ತೊಳೆಯುವ ಕೆಲಸ ಉಳಿಯಲಿಲ್ಲ.

ಅವರು ಮಾವಶಿಯನ್ನು ಕೇಳಿದರು. ಕೇಳ್ರಿ ಎಂದಿದ್ದಳಲ್ಲ.

ಅವಳು ನಾಶಿಕದಿಂದ ಎಸ್.ಟಿ. ಬಸ್ಸಿನಲ್ಲಿ ಒಬ್ಬಳೇ ಬಂದಳು. ಪ್ರಯೋಗಾಲಯದ ಬಾಗಿಲಲ್ಲಿ ನನ್ನನ್ನು ನೋಡಿ ಮುಗುಳ್ನಕ್ಕಳು. ನಾನು ಹೇಳಿದ್ದೇನೆ, ಸರ್ ಎಲ್ಲೋ ಮರೆತಿದ್ದಾರೆ ಎಂದೇ ಅವಳು ತಿಳಿದಿದ್ದಳು. ಪ್ರಾಜೆಕ್ಟ್ ಮುಗಿದ ಮೇಲೆ ಪ್ರಯೋಗಾಲಯದಲ್ಲಿ ಪರ್ಮನೆಂಟ್ ಆಯಾ ಮಾಡಿಸುತ್ತೇನೆ ಎಂದು ಸರ್ ಅವಳಿಗೆ ಆಸೆ ಹುಟ್ಟಿಸಿದ್ದರು. ಅದು ಕೈತಪ್ಪುತ್ತದೆ ಎಂಬ ಅಳುಕು ಅವಳ ಮುಖದಲ್ಲಿ ಚೂರೂ ಇರಲಿಲ್ಲ. ಸೀದಾ ಕ್ಯಾಬಿನ್ನಿಗೆ ಹೋಗಿ, ತನ್ನ ಅಡ್ಡಾದಿಡ್ಡಿ ಮರಾಠಿಯಲ್ಲಿ ಎಲ್ಲ ಹೇಳಿದಳು. ಟಾನಿಕ್ಕು, ಕಪ್ಪು ಡಬ್ಬಿ, ಕೂಸು, ಹೆಂಗಸರು ಹೇಳಿದ ಮಾತು. ಪೇಪರಿನವರಿಗೆ ಫೋನು ಮಾಡಿ ತಪ್ಪಾಯಿತು ಎನ್ನಿ, ಬೇಕಾದರೆ ಹೊಸ ಡಬ್ಬಿ ನಾನೇ ತಂದುಕೊಡುತ್ತೇನೆ ಎಂದಳು.

ಸರ್ ಪೂರ್ತಿ ಕೇಳಿದರು. "ಮಾವಶಿ, ತುಮ್ಹಿ ಡಬೆ ಉಚಲಾ, ಶಾಸ್ತ್ರ ಆಮಚ್ಯಾವರ್ ಸೋಡಾ," ಎಂದರು. ನೀವು ಡಬ್ಬಿ ಎತ್ತಿರಿ, ಶಾಸ್ತ್ರ ನಮಗೆ ಬಿಡಿ. ನಂತರ ನನ್ನ ಕಡೆ ತಿರುಗಿ, ನೀನು ಅಲ್ಲಿದ್ದೆಯಲ್ಲ, ಇವರು ಹೇಳುವುದು ನಿಜವೇ ಎಂದು ಕೇಳಿದರು.

ಪಿಎಚ್‌ಡಿ ಸೀಟಿನ ಸಂದರ್ಶನಕ್ಕೆ ಇನ್ನು ಹದಿನೈದು ದಿನವಿತ್ತು. ಅರ್ಜಿಯಲ್ಲಿ ತೋರಿಸಲು ನನಗೆ ಇದ್ದದ್ದು ಆ ಒಂದೇ ಪ್ರಬಂಧ.

"ಇಲ್ಲ ಸರ್. ಲೇಬಲ್ ನಾನೇ ಬರೆದದ್ದು. ಮಾವಶಿಗೆ ಈಗೀಗ ಕಣ್ಣು ಮಂಜಾಗಿದೆ," ಎಂದೆ. ಮರಾಠಿಯಲ್ಲೇ ಎಂದೆ, ಅವಳಿಗೆ ಅರ್ಥವಾಗುವ ಹಾಗೆ.

ಸರ್ ಮುಖದಲ್ಲಿ ಮೂಡಿದ ನಿರಾಳ ನೋಡಿದ ಕೂಡಲೇ ನನಗೆ ಗೊತ್ತಾಯಿತು, ಅವರಿಗೆ ನಿಜ ಬೇಡವಾಗಿತ್ತು, ಬೇಕಾದದ್ದು ನನ್ನ ಈ ಎರಡು ಮಾತು. ಹೊಲಸು ಬಳಿಯುವವರನ್ನೆಲ್ಲ ಒಳಗೆ ಬಿಟ್ಟರೆ ಹೀಗೇ ಆಗುತ್ತದೆ ಎಂದು ಪಕ್ಕದವರಿಗೆ ಹೇಳಿದರು. ಆ ದಿನದಿಂದಲೇ ಅವಳ ಕೆಲಸ ಹೋಯಿತು.

ನಾನು ಬಸ್ ಸ್ಟ್ಯಾಂಡಿನ ತನಕ ಹಿಂದೆ ಹೋದೆ. ಯಾಕೆ ಹೋದೆನೋ. ಒಂದು ಚಹಾ ತಂದು ಕೊಟ್ಟೆ. ಅವಳು ಇಸಿದುಕೊಂಡು ಪಕ್ಕದ ಕಲ್ಲಿನ ಮೇಲೆ ಇಟ್ಟಳು. ಚಹಾ ಆರಿತು, ಮೇಲೆ ಕೆನೆ ಕಟ್ಟಿತು, ಕುಡಿಯಲಿಲ್ಲ. ನನ್ನ ಮೇಲೆ ಅವಳಿಗೆ ಹೇಸಿಗೆ ಬಂದಿತ್ತು, ಬರಬೇಕಾದದ್ದೇ. ಬಸ್ಸು ಹತ್ತುವ ಮುಂಚೆ ನನ್ನ ಕಡೆ ನೋಡದೆ, "ಅವರು ನಿಮಗ ಹೊಲಸು ಕೊಡಬಾರದಂತ ಕೂಸಿಂದು ಕೊಟ್ರವ್ವಾ. ನೀ ಓದಿದಾಕಿ..." ಎಂದಳು. ಮಾತನ್ನು ಅಲ್ಲಿಗೇ ಬಿಟ್ಟು ಬಸ್ಸು ಹತ್ತಿದಳು.

ಆಮೇಲಿನದು ನನಗೆ ಜೀಪಿನ ಡ್ರೈವರ್ ಹೇಳಿದ್ದು. ಅವಳು ಲೈನಿಗೆ ಹೋಗಿ ಹನ್ನೆರಡು ಮನೆಯ ಮುಂದೆಯೂ ನಿಂತು, ನನ್ನಿಂದ ಆಯಿತು ಎಂದಳಂತೆ. ನನ್ನ ಹೆಸರು ಎತ್ತಲಿಲ್ಲವಂತೆ. ಮುಂಜಾನೆ ಸೊಸಾಯಿಟಿಯ ಗೇಟಿನ ಹತ್ತಿರ ನಿಂತು, ಹಾಲಿಗೆ ಬರುವ, ಮಕ್ಕಳನ್ನು ಸ್ಕೂಲ್ ಬಸ್ಸಿಗೆ ಬಿಡಲು ಬರುವ ಹೆಂಗಸರಿಗೆ ಒಬ್ಬೊಬ್ಬರಿಗೂ, ಪೇಪರಿನಲ್ಲಿ ಬಂದದ್ದು ಖೋಟಾ, ಅದು ಕೂಸಿನದು, ನಾನು ಕಣ್ಣಾರೆ ನೋಡಿದ್ದೇನೆ ಎಂದು ಹೇಳುತ್ತಿದ್ದಳಂತೆ. ಹುಚ್ಚಿ ಎಂದು ವಾಚ್‌ಮನ್ ಅಟ್ಟುತ್ತಿದ್ದ. ಮರುದಿನ ಮತ್ತೆ ಬಂದು ನಿಲ್ಲುತ್ತಿದ್ದಳು. ಕಡೆಗೆ ಇಬ್ಬರು ಮೂವರು ತಮ್ಮ ಮನೆಯವಳನ್ನು ವಾಪಸು ಕರೆದರಂತೆ. ಉಳಿದವರು ಕರೆಯಲಿಲ್ಲ. ಕಟ್ಟಡ ಮುಗಿದ ಮೇಲೆ ಲೈನು ಕಿತ್ತರು, ಹೆಂಗಸರು ಬೇರೆ ಯಾವುದೋ ಸೈಟಿಗೆ ಹೋದರು. ಮಾವಶಿ ಕರೋನಾದ ಎರಡನೆಯ ಅಲೆಯಲ್ಲಿ ಹೋದಳು. ಅದೂ ಡ್ರೈವರ್ ಹೇಳಿದ್ದೇ, ತಿಂಗಳುಗಳು ಕಳೆದ ಮೇಲೆ, ಬೇರೇನೋ ಮಾತಾಡುತ್ತ.

ನನಗೆ ಸೀಟು ಸಿಕ್ಕಿತು. ಈಗ ಇಲ್ಲಿಯ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಲೇಬಲ್ ತಪ್ಪಾದರೆ ಎಲ್ಲ ತಪ್ಪಿದಂತೆ ಎಂದು ಪ್ರತಿ ವರ್ಷ ಹೊಸ ಮಕ್ಕಳಿಗೆ ಹೇಳುತ್ತೇನೆ, ನಾಚಿಕೆ ಇಲ್ಲದೆ.

ಮೇಲಿನ ಮನೆಯಾಕೆ ಡಬ್ಬಿ ಒಯ್ದ ಮರುದಿನ ನಾನು ಪ್ರಬಂಧ ಅಚ್ಚಾಗಿದ್ದ ವಿಜ್ಞಾನ ಪತ್ರಿಕೆಯ ಸಂಪಾದಕರಿಗೆ ಬರೆದೆ. ಹನ್ನೆರಡು ಮಾದರಿಗಳು ಒಂದೇ ಕೂಸಿನವು, ಲೇಬಲ್ ಬರೆದವಳು ನಾನು, ಪ್ರಬಂಧವನ್ನು ಹಿಂದಕ್ಕೆ ತೆಗೆದುಕೊಳ್ಳಿ ಎಂದು. ಇಷ್ಟು ವರ್ಷ ಬಿಟ್ಟು ಬರೆಯಲು ಧೈರ್ಯ ಬಂದದ್ದರಲ್ಲಿ ದೊಡ್ಡಸ್ತಿಕೆ ಏನಿಲ್ಲ. ಸರ್ ರಿಟೈರಾಗಿದ್ದಾರೆ, ನನ್ನ ಕೆಲಸ ಪರ್ಮನೆಂಟ್ ಆಗಿದೆ. ಸಂಪಾದಕರ ಉತ್ತರ ಬಂತು, ಬಹಳ ಸಭ್ಯವಾಗಿ. ಆರೋಪ ಗಂಭೀರವಾದದ್ದು, ವಿಚಾರಣೆ ಮಾಡುತ್ತೇವೆ, ಮೊದಲು ಈ ಫಾರ್ಮ್ ತುಂಬಿ ಎಂದು ಒಂದು ಕೊಂಡಿ ಕಳಿಸಿದ್ದರು.

ನಿನ್ನೆ ಕೂತು ತುಂಬಿದೆ. ಹನ್ನೆರಡು ಹೆಂಗಸರ ಹೆಸರು ವಯಸ್ಸು ಕೇಳಿದ್ದರು, ನೋಟ್‌ಬುಕ್ ನೋಡದೆಯೇ ಬರೆದೆ. ಸುಳ್ಳು ಲೇಬಲ್ ಬರೆದ ಕೈಗೆ ಅವು ಬಾಯಿಪಾಠವಾಗಿವೆ. ದೋಷವನ್ನು ಮೊದಲು ಗುರುತಿಸಿದವರು ಯಾರು, ಅವರ ಪೂರ್ತಿ ಹೆಸರೇನು ಎಂಬ ಖಾನೆಗೆ ಬಂದು ನಿಂತೆ.

ಹಳೆಯ ನೋಟ್‌ಬುಕ್ಕುಗಳನ್ನೆಲ್ಲ ತೆಗೆದೆ. ಹಾಜರಿಯ ಪುಟದಲ್ಲಿ ನನ್ನದೇ ಅಕ್ಷರದಲ್ಲಿ 'ಮಾವಶಿ, ನಾಶಿಕ' ಎಂದಿದೆ, ಮುಂದೆ ಹೆಬ್ಬೆಟ್ಟು. ಪ್ರಬಂಧದ ಕೊನೆಯಲ್ಲಿ ಡ್ರೈವರಿಗೂ ಕೃತಜ್ಞತೆ ಹೇಳಿದ್ದೇವೆ, ಅವಳಿಗಿಲ್ಲ. ಡ್ರೈವರಿಗೆ ಫೋನು ಮಾಡಿದೆ. ನಾವೆಲ್ಲ ಮಾವಶಿ ಎಂದೇ ಕರೆಯುತ್ತಿದ್ದೆವಲ್ಲ ಮೇಡಂ ಎಂದ. ಅವಳಿದ್ದ ಮನೆ ಎಲ್ಲಿ ಎಂದು ಕೇಳಿದರೆ ಅವನಿಗೂ ಗೊತ್ತಿಲ್ಲ. ಒಂದು ವರ್ಷದ ಮೇಲೆ ಅವಳ ಪಕ್ಕ ಕೂತು ಜೀಪಿನಲ್ಲಿ ತಿರುಗಿದ್ದೇನೆ, ಒಮ್ಮೆಯಾದರೂ ಕೇಳಬೇಕೆಂದು ನನಗೆ ಅನ್ನಿಸಿರಲಿಲ್ಲ.

ಖಾಲಿ ಬಿಟ್ಟರೆ ಫಾರ್ಮ್ ಮುಂದಕ್ಕೆ ಹೋಗುವುದಿಲ್ಲ. 'ಮಾವಶಿ' ಎಂದು ಹೊಡೆದೆ. ಪೂರ್ತಿ ಹೆಸರು ಬರೆಯಿರಿ ಎಂದು ಕೆಂಪಕ್ಷರ ಬಂತು.